ಕೆರೆ ಏರಿಯ ಕೊನೆಯ ಸ್ವರ

ಹೋದ ತಿಂಗಳು ಮೈಸೂರಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಒರಗಿದ್ದೆ. ಅವರು ಹತ್ತಿಯ ತುಂಡೊಂದನ್ನು ಲವಂಗದೆಣ್ಣೆಯಲ್ಲಿ ಅದ್ದಿ ನನ್ನ ದವಡೆಗೆ ಒತ್ತಿದರು. ಅಷ್ಟೇ, ಕಣ್ಣಲ್ಲಿ ನೀರು ಬಂತು. "ಅಷ್ಟೊಂದು ನೋವಾಯ್ತಾ?" ಎಂದು ಅವರು ಗಾಬರಿಯಾದರು. ಬಾಯಿ ತುಂಬ ಹತ್ತಿ ಇಟ್ಟುಕೊಂಡು ಏನು ಹೇಳಲಿ? ನೋವಿಗಲ್ಲ, ಯಳಂದೂರಿನ ರಾಚಪ್ಪನವರ ವಾಸನೆ ಬಂತು ಎಂದಿದ್ದರೆ ಅವರು ನನ್ನನ್ನು ಬೇರೆ ತರದ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ಅದು ನಾನು ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ ಆಗಿದ್ದ ಕಾಲ. ಬಹಳ ಹಿಂದಿನ ಮಾತಲ್ಲ. ವರ್ಗವಾಗಿ ಬಂದು ವರ್ಷ ಕಳೆದರೂ ಊರು ಇನ್ನೂ ನನ್ನದಾಗಿರಲಿಲ್ಲ. ಸಂಜೆ ಹೊತ್ತು ಕಳೆಯಲು ಹಳೆಯ ಬಂಗಲೆಯೊಂದರಲ್ಲಿದ್ದ ವಾಚನಾಲಯಕ್ಕೆ ಹೋಗುತ್ತಿದ್ದೆ. ಹಿಂದೆ ಅಲ್ಲಿ ಒಬ್ಬ ಡಾಕ್ಟರಮ್ಮ ವಾಸವಾಗಿದ್ದರಂತೆ. ಅವರು ಬಿಟ್ಟುಹೋದ ಪಿಯಾನೊ ಒಳಕೋಣೆಯ ಗೋಡೆಗೆ ಒರಗಿಕೊಂಡು ಹಳೆಯ ಪೇಪರ್ ಕಟ್ಟುಗಳನ್ನು ಹೊತ್ತು ನಿಂತಿತ್ತು. ಅದು ಪಿಯಾನೊ ಎಂದು ಗೊತ್ತಾಗಲು ನನಗೆ ಎಂಟು ತಿಂಗಳು ಬೇಕಾಯಿತು. ಅಷ್ಟು ಪೇಪರು!

ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಏಳು ವರ್ಷ ಪಿಯಾನೊ ಕಲಿತವಳು ನಾನು. ಆಮೇಲೆ ಬಿ.ಎಡ್., ಮದುವೆ, ಕೆಲಸ ಎಂದು ಬೆರಳು ಚಾಕ್‌ಪೀಸಿಗೆ ಒಗ್ಗಿಹೋಗಿತ್ತು. ಆದರೆ ನನ್ನದು ಉಡದ ಪಟ್ಟು ಎಂದು ನಮ್ಮಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ವಾಚನಾಲಯದವರಿಗೆ ಅರ್ಜಿ ಬರೆದೆ, ಪೇಪರ್ ಕಟ್ಟುಗಳನ್ನು ನಾನೇ ಇಳಿಸಿದೆ, ಶ್ರುತಿ ಮಾಡುವವರನ್ನು ಮೈಸೂರಿನಿಂದ ಎರಡು ಸಲ ಕರೆಸಿದೆ. ಇಲಿ ಕಡಿದ ಕಡೆಯೆಲ್ಲ ಅವರು ಹೊಸ ಬಟ್ಟೆ ಅಂಟಿಸಿದರು. ಆಷಾಢ ಹುಟ್ಟುವ ಹೊತ್ತಿಗೆ ಬೆರಳಿಂದ ಒತ್ತುವ ಮನೆಗಳಲ್ಲಿ ಒಂದೆರಡು ಬಿಟ್ಟರೆ ಮಿಕ್ಕವೆಲ್ಲ ಮಾತಾಡತೊಡಗಿದವು.

ಒಂದು ಶನಿವಾರ ಮಧ್ಯಾಹ್ನ, ಕಿಟಕಿ ಬಾಗಿಲು ಬಡಿಯುವಂಥ ಗಾಳಿ. ಹಳೆಯ ಪಾಠವೊಂದನ್ನು ತಡವರಿಸಿಕೊಂಡು ನುಡಿಸುತ್ತಿದ್ದೆ. ಲವಂಗದ ಘಾಟು ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಹೊಸ್ತಿಲ ಮೇಲೆ ಒಬ್ಬ ಮುದುಕರು ಕೂತಿದ್ದಾರೆ. ಬಿಳಿ ಪಂಚೆ, ಮೇಲೆ ಜರಿಪಟ್ಟಿ ಮಾಸಿದ ಕೆಂಪು ಕೋಟು, ಅಂದರೆ ಮದುವೆ ಬ್ಯಾಂಡಿನವರ ಕೋಟು. ಮೇಲಿನ ತುಟಿಯ ಒಳಗೆ ಹತ್ತಿ.

"ಇದ್ನ ನುಡ್ಸೋರು ಇನ್ನೂ ಅವ್ರಾ?" ಎಂದರು.

"ನುಡಿಸ್ತೀನಿ ಅಂತ ಹೇಳೋ ಹಾಗಿಲ್ಲ, ಒತ್ತುತಾ ಇದೀನಿ ಅಷ್ಟೆ," ಎಂದೆ.

"ನಿಲ್ಲುಸ್ಬ್ಯಾಡಿ ಕಣವ್ವ. ಐವತ್ತು ವರ್ಸದ ಇಂದೆ ಇದೇ ಬಾಗ್ಲಲ್ಲಿ ಕುಂತು ಕೇಳ್ತಿದ್ದೆ ನಾನು."

ಹೀಗೆ ರಾಚಪ್ಪನವರ ಪರಿಚಯವಾಯಿತು. ಯಳಂದೂರಿನವರು, ಎಪ್ಪತ್ತು ದಾಟಿದವರು, ಆ ಸುತ್ತಿನ ಮದುವೆಗಳಲ್ಲಿ ಕ್ಲಾರಿನೆಟ್ ಊದಿಕೊಂಡೇ ಬದುಕಿದವರು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದ ಮೇಲೆ ಬ್ಯಾಂಡಿನವರಿಗೆ ಕೆಲಸವೂ ಇಲ್ಲ. ಆ ಪುರುಸೊತ್ತಿನಲ್ಲಿ ಪಕ್ಕದ ಬೀದಿಯ ಹಲ್ಲಿನ ಆಸ್ಪತ್ರೆಗೆ ಬಂದಿದ್ದರು.

"ಮುಂದ್ಲ ಅಲ್ಲು ಎಲ್ಡೂ ಕಿತ್ತಾಕ್ಬೇಕು ಅಂತವ್ರೆ ಡಾಕ್ಟ್ರು," ಎಂದು ಬೆರಳಿಟ್ಟು ಅಲುಗಿಸಿ ತೋರಿಸಿದರು. ನನಗೇ ಜುಮ್ಮೆಂದಿತು. "ಕ್ಲಾರ್ನೆಟ್ ಕುಂತ್ಕಳದೇ ಇವೆಲ್ಡರ ಮ್ಯಾಲೆ. ಇವು ಓದ್ಮೇಲೆ ನಾನೂ ಕೋಟು ಮಡ್ಚಿ ಮಡಗುದ್ದೆಯ. ಅದ್ಕೂ ಮುಂಚೆ ಒಂದು ಕೆಲ್ಸ ಆಗ್ಬೇಕು, ಅದ್ಕೆ ನೀವೇ ಆಗ್ಬೇಕು."

ಮರುದಿನ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ನೋಟ್‌ಬುಕ್ಕು ತಂದರು. ಅವರಿಗೆ ವಿದ್ಯೆ ಕಲಿಸಿದ ಗುರುಗಳು ಬರೆದದ್ದು. ಮೈಸೂರಿನಲ್ಲಿ ದೊಡ್ಡ ಬ್ಯಾಂಡಿನಲ್ಲಿದ್ದು, ವಯಸ್ಸಾದ ಮೇಲೆ ಯಳಂದೂರಿಗೆ ಬಂದು ನೆಲೆಸಿದವರು. ರಾಚಪ್ಪನವರು ಅವರನ್ನು ಮೇಷ್ಟ್ರು ಎಂದಷ್ಟೇ ಕರೆಯುತ್ತಿದ್ದರು. ಮೇಷ್ಟ್ರು, ಆಗಿನ್ನೂ ಕಲಿಯುತ್ತಿದ್ದ ಅವರ ತಮ್ಮ, ಈ ಬಂಗಲೆಯ ಡಾಕ್ಟರಮ್ಮ. ಈ ಮೂವರೂ ಕೂತು ನುಡಿಸಲೆಂದೇ ಎರಡು ಕ್ಲಾರಿನೆಟ್ಟು, ಒಂದು ಪಿಯಾನೊಗೆ ಒಂಬತ್ತು ರಚನೆಗಳು. ಕನ್ನಡ ಸ್ವರಾಕ್ಷರದಲ್ಲಿ, ಒಂದರ ಕೆಳಗೊಂದು ಮೂರು ಸಾಲು. ರಾಗವೆಂದರೆ ರಾಗವಲ್ಲ, ಇಂಗ್ಲಿಷ್ ಪಾಠವೆಂದರೆ ಅದೂ ಅಲ್ಲ. ಹೆಸರುಗಳೂ ಹಾಗೆಯೇ: ‘ಮಳೆ ನಿಂತ ಮೇಲೆ’, ‘ಎರಡು ಗಾಡಿ’. ಕೊನೆಯದು ‘ಕೆರೆ ಏರಿ ಇಳಿದು’. ಮೇಷ್ಟ್ರು ತೀರಿಕೊಂಡ ಮೇಲೆ ಇವನ್ನು ಯಾರೂ ನುಡಿಸಿರಲಿಲ್ಲ. ಅಕ್ಷರ ಪುಸ್ತಕದಲ್ಲಿತ್ತು, ನಡೆ ಮಾತ್ರ ರಾಚಪ್ಪನವರೊಬ್ಬರ ಕಿವಿಯಲ್ಲಿ ಉಳಿದಿತ್ತು.

"ಆ ಕೊನೇದ್ನ ಒಂದ್ಸಲ ಕೇಳ್ಬೇಕು ಕಣವ್ವ, ಪೂರ್ತಿಯಾಗಿ. ಆಮೇಲೆ ಅಲ್ಲಾದ್ರೂ ಓಗ್ಲಿ, ಬಾಯಾದ್ರೂ ಓಗ್ಲಿ."

ಎರಡನೆಯ ಕ್ಲಾರಿನೆಟ್ಟಿಗೆ ಹನೂರಿನ ಮಾದೇಶ ಬಂದ. ನಲವತ್ತರ ಆಸುಪಾಸಿನವನು, ಸ್ವಂತ ಬ್ಯಾಂಡ್‌ಸೆಟ್ ನಡೆಸುತ್ತಿದ್ದ. ಮನೆಯಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. "ಬಾಯಿ ಜಾಸ್ತಿ, ಆದ್ರೆ ಉಸ್ರು ಚೆನ್ನಾಗದೆ," ಎಂದು ರಾಚಪ್ಪನವರು ಮೊದಲೇ ಎಚ್ಚರಿಸಿದ್ದರು. ಎರಡೂ ನಿಜವಾಗಿತ್ತು.

ಭಾನುವಾರ, ಅದರ ಜೊತೆಗೆ ವಾರದಲ್ಲಿ ಎರಡು ಸಂಜೆ ಕೂರುತ್ತಿದ್ದೆವು. ಹೊರಗೆ ಆಷಾಢದ ಜಿನುಗು, ಪಕ್ಕದ ಬೀದಿಯಲ್ಲಿ ರೇಷ್ಮೆ ಮಗ್ಗದ ಸದ್ದು. ಮೊದಲ ದಿನ ಇಬ್ಬರೂ ಒಟ್ಟಿಗೆ ಊದಿದಾಗ ಆ ಸಣ್ಣ ಕೋಣೆಯಲ್ಲಿ ನನ್ನ ಪಿಯಾನೊ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ತಮಟೆ, ಡ್ರಮ್ಮು, ಲಾರಿ ಹಾರ್ನುಗಳ ಎದುರು ಊದಿ ಅಭ್ಯಾಸವಾದ ಬಾಯಿಗಳು ಅವು.

"ಮೆಲ್ಲಗೆ," ಎಂದೆ.

"ಮೇಡಂ, ಇದು ಮದ್ವೆ ಮೆರವಣಿಗೆ ಅಲ್ಲ ಅಂತ ನಂಗೊತ್ತು. ನನ್ ಬಾಯಿಗೆ ಯಾರು ಯೋಳ್ಕೊಡ್ತಾರೆ?" ಎಂದ ಮಾದೇಶ.

ಇನ್ನೊಂದು ಕಷ್ಟವಿತ್ತು. ರಚನೆ ಮುಗಿದರೂ ಇವರು ನಿಲ್ಲಿಸುತ್ತಿರಲಿಲ್ಲ. ಮದುವೆಯಲ್ಲಿ ತಾಳಿ ಕಟ್ಟುವವರೆಗೂ ಕೊನೆಯ ಸಾಲನ್ನೇ ಸುತ್ತಿ ಸುತ್ತಿ ಊದಬೇಕು, ಯಾರಾದರೂ ಕೈ ಎತ್ತಿದರೆ ನಿಲ್ಲಿಸಬೇಕು. ಇಲ್ಲಿ ಕೈ ಎತ್ತುವವರಿಲ್ಲ. ನನ್ನ ಎರಡೂ ಕೈ ಪಿಯಾನೊ ಮೇಲೆ. ಕಡೆಗೆ ಮುಗಿಯುವ ಕಡೆ ನಾನು ತಲೆ ಆಡಿಸುವುದೆಂದು ಗೊತ್ತುಮಾಡಿಕೊಂಡೆವು. ಅವರು ಅದನ್ನೂ "ಮೇಡಮ್ಮೋರ ತಾಳಿ" ಎಂದು ಕರೆದರು.

ಎಲ್ಲ ಸರಿ, ಒಂದು ಮಾತ್ರ ಸೇರುತ್ತಿರಲಿಲ್ಲ. ರಾಚಪ್ಪನವರ ಮೊದಲನೆಯ ಸಾಲು ಬೆರಳು ಮುರಿಯುವಷ್ಟು ಕಷ್ಟ, ಆದರೆ ನನ್ನ ಪಿಯಾನೊಗೆ ಸರಿಯಾಗಿ ಕೂರುತ್ತಿತ್ತು. ಮಾದೇಶನ ಎರಡನೆಯ ಸಾಲು ನೀರು ಕುಡಿದಷ್ಟು ಸಲೀಸು, ಆದರೆ ಎಲ್ಲ ಕಡೆಯೂ ಪಿಯಾನೊಗಿಂತ ಸರಿಯಾಗಿ ಒಂದು ಮನೆ ಮೇಲಿರುತ್ತಿತ್ತು. ಒಂಬತ್ತು ರಚನೆಗಳಲ್ಲೂ ಅದೇ ಕಥೆ. ಹಲ್ಲು ಕಡಿಯುವ ಸದ್ದು.

ಇಲ್ಲಿ ನಾನು ಮಾಡಿದ ಘನಕಾರ್ಯವನ್ನು ಹೇಳಲೇಬೇಕು. ಮೇಷ್ಟ್ರು ಎರಡನೆಯ ಸಾಲನ್ನು ಬರೆಯುವಾಗ ಲೆಕ್ಕ ತಪ್ಪಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಇಪ್ಪತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದ ಕೈ ಅಲ್ಲವೇ? ಇಡೀ ನೋಟ್‌ಬುಕ್ಕನ್ನು ಹೊಸ ಹಾಳೆಗಳಿಗೆ ನಕಲು ಮಾಡಿ, ಮಾದೇಶನ ಸಾಲಿನ ಒಂದೊಂದು ಸ್ವರವನ್ನೂ ಕೆಂಪು ಇಂಕಿನಲ್ಲಿ ಒಂದು ಮನೆ ಕೆಳಗಿಳಿಸಿದೆ. ನಾಲ್ಕು ದಿನ ಹಿಡಿಯಿತು. ತಿದ್ದಿ ಮುಗಿಸಿದಾಗ ಪಾಸು ಮಾಡಿದ ಖುಷಿ.

"ಅಡಡಾ, ಸಲೀಸಾಗಿದ್ದದ್ದ ಮುಳ್ಳು ಮಾಡ್ಬುಟ್ರಲ್ಲ ಮೇಡಂ," ಎಂದು ಮಾದೇಶ ಹಾಳೆ ನೋಡಿ ಹಣೆ ಚಚ್ಚಿಕೊಂಡ. ಈಗ ಅವನ ಬೆರಳೂ ಮುರಿಯತೊಡಗಿತು. ಆದರೆ ಪಿಯಾನೊಗೆ ಸೇರಿತು. ನನಗೆ ಅಷ್ಟು ಸಾಕಿತ್ತು.

ಸೇರದೆ ಉಳಿದದ್ದು ಒಂದೇ ಸ್ವರ. ‘ಕೆರೆ ಏರಿ ಇಳಿದು’ ರಚನೆಯಲ್ಲಿ ಕೊನೆಗೆ ಪಿಯಾನೊ ನಿಲ್ಲುತ್ತದೆ, ಮೊದಲನೆಯ ಕ್ಲಾರಿನೆಟ್ಟೂ ನಿಲ್ಲುತ್ತದೆ, ಎರಡನೆಯದೊಂದೇ ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಳ ಮುಟ್ಟುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದಿದ್ದದ್ದೇ ಕ್ಲಾರಿನೆಟ್ಟಿನ ಅತಿ ಕೆಳಗಿನ ಸ್ವರ. ನನ್ನ ಕೆಂಪು ಇಂಕಿನ ಪ್ರಕಾರ ಅದಕ್ಕಿಂತಲೂ ಒಂದು ಮನೆ ಕೆಳಗೆ ಹೋಗಬೇಕು. ಮಾದೇಶ ವಾದ್ಯವನ್ನು ತಿರುಗಿಸಿ ಅದರ ಬಾಯಿ ತೋರಿಸಿದ. "ಅಲ್ಲಿಂದ ಕೆಳಿಕ್ಕೆ ಮರ್ವೇ ಇಲ್ಲ ಮೇಡಂ. ಗಾಳೀಲಿ ಊದ್ಲಾ?"

ಸರಿ, ಅದೊಂದನ್ನು ಮೇಲಿನ ಸ್ಥಾಯಿಯಲ್ಲಿ ಊದು ಎಂದೆ. ಊದಿದ. ನನ್ನ ಹಾಳೆಯ ಪ್ರಕಾರ ಅದೇ ಸ್ವರ. ರಾಚಪ್ಪನವರು ತುಟಿಯೊಳಗೆ ಹತ್ತಿಯನ್ನು ಸರಿಸಿಕೊಂಡು, "ಅಂಗಲ್ಲ ಕಣವ್ವ. ಅದು ಕೆಳಗಿತ್ತು," ಎಂದರು.

"ಅಷ್ಟು ಕೆಳಗೆ ಹೋಗೋಕೆ ಆಗಲ್ಲ ರಾಚಪ್ಪನೋರೆ. ನಿಮಗೆ ಪಿಯಾನೊದು ಕೇಳಿಸಿರಬೇಕು."

"ಪಿಯಾನೊ ಆಗ್ಲೇ ನಿಂತಿರ್ತಿತ್ತು. ಅದು ಉಸ್ರು. ಈ ಒಸ್ಲು ಅದುರ್ತಿತ್ತು, ನನ್ ಕುಂಡಿಗೆ ಗೊತ್ತಾಗ್ತಿತ್ತು."

ಮಾದೇಶ ನಕ್ಕ. ನಾನು ನಗಲಿಲ್ಲ. ವಯಸ್ಸಾಯಿತು, ಹಲ್ಲಿನ ಜೊತೆ ನೆನಪೂ ಅಲುಗಾಡುತ್ತಿದೆ ಎಂದುಕೊಂಡೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಅನ್ನುವುದೊಂದೇ ಸಮಾಧಾನ. ಅವರು ಪ್ರತಿ ಸಲವೂ, ಪ್ರತಿ ಸಲವೂ, ಅಲ್ಲಿಗೆ ಬಂದಾಗ ತಲೆಯಾಡಿಸುತ್ತಿದ್ದರು. "ಮನೆ ಸೇರ್ನಿಲ್ಲ," ಎನ್ನುತ್ತಿದ್ದರು.

ಶ್ರಾವಣ ಹುಟ್ಟಿತು, ಮದುವೆಗಳು ಶುರುವಾದವು. ಹೊನ್ನೂರಲ್ಲಿ ಮದುವೆ, ಧನಗೆರೆಯಲ್ಲಿ ನಿಶ್ಚಿತಾರ್ಥ, ಇಬ್ಬರೂ ಕೈಗೆ ಸಿಗದಂತಾದರು. ಲೋಕಕ್ಕೆಲ್ಲ ಶುಭ ಬಂದರೆ ನಮ್ಮ ಕೆಲಸಕ್ಕೆ ಗ್ರಹಣ. ನಾನು ಒಬ್ಬಳೇ ಕೂತು ನನ್ನ ಸಾಲನ್ನು ಉಜ್ಜಿದೆ. ಒಂದು ಸಂಜೆ ರಾಚಪ್ಪನವರು ಧನಗೆರೆಯಿಂದ ಬರುತ್ತ ಇಳಿದರು. ಮೇಲಿನ ತುಟಿ ಊದಿಕೊಂಡು ಮೂಗು ಮುಟ್ಟುತ್ತಿತ್ತು, ಮೈ ಸುಡುತ್ತಿತ್ತು. ನನಗೆ ಸಿಟ್ಟು ಬಂತು.

"ನಾಳೆನೇ ಕೀಳಿಸಿ. ಇಲ್ಲದಿದ್ರೆ ನಾನು ಪಿಯಾನೊ ಮುಟ್ಟಲ್ಲ."

"ನೀವು ಮುಟ್ದೆ ಓದ್ರೆ ನಾನು ಕೀಳುಸ್ಕಂಡು ಏನು ಮಾಡ್ಲಿ?" ಎಂದರು ತಣ್ಣಗೆ. ಮಾತ್ರೆ ನುಂಗಲು ಒಪ್ಪಿದರು, ಕೀಳಿಸಲು ಒಪ್ಪಲಿಲ್ಲ. ಹಟದಲ್ಲಿ ನನಗೆ ಸರಿಸಮ ಸಿಕ್ಕಿದ್ದು ಆ ಒಬ್ಬರೇ.

ಪಿತೃಪಕ್ಷ ಬಂತು. ಮತ್ತೆ ಮದುವೆ ಇಲ್ಲ, ಮತ್ತೆ ನಾವು ಮೂವರು. ಹನೂರಿನಲ್ಲಿ ಮಾದೇಶನ ಮನೆಯಲ್ಲಿ ಅವನಪ್ಪನಿಗೆ ಎಡೆ ಇಡುವ ದಿನ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದ. ಮಳೆ ಹಿಡಿದುಕೊಂಡಿತ್ತು, ಹನೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರೆಲ್ಲ ಅರ್ಧ ನೆಂದಿದ್ದೆವು. ಅವನಪ್ಪನೂ ಬ್ಯಾಂಡಿನವರೇ. ಹಾರ ಹಾಕಿದ ಪಟದ ಮುಂದೆ ಬಾಳೆಲೆ, ಅದರ ಮೇಲೆ ಅವರಿಗೆ ಇಷ್ಟವಾದದ್ದೆಲ್ಲ: ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಎಲೆಯ ಪಕ್ಕದಲ್ಲಿ ಒಂದು ಕ್ಲಾರಿನೆಟ್ಟು.

"ಅಪ್ಪ ಊದ್ತಿದ್ದ ಒಳ್ಳೇದ್ನ ನಾನು ಊದ್ತೀನಿ. ಇದು ಕಿವುಡು ಪೀಪಿ, ಯಾವ ಬ್ಯಾಂಡ್ಗೂ ಸೇರಲ್ಲ. ಎಡೆ ದಿನ ಮಾತ್ರ ಕೆಳಗಿಳಿಸ್ತೀವಿ," ಎಂದ ಮಾದೇಶ.

ಊಟಕ್ಕೆ ಕಾಯುತ್ತ ನಾನು ಅದನ್ನೇ ನೋಡುತ್ತಿದ್ದೆ. ಏನೋ ಸರಿಯಿಲ್ಲ. ಮಾದೇಶನ ವಾದ್ಯ ಕೇಳಿ ಪಡೆದು ಅದರ ಪಕ್ಕ ಇಟ್ಟು ನೋಡಿದೆ. ಕಿವುಡು ಪೀಪಿ ಎರಡು ಬೆರಳು ಉದ್ದವಾಗಿತ್ತು. ಪ್ರತಿ ವರ್ಷ ಹತ್ತನೆ ಕ್ಲಾಸಿನವರಿಗೆ ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ: ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಇಷ್ಟು ದಿನ ಆ ಪಾಠ ಎಲ್ಲಿ ಹೋಗಿತ್ತೋ!

"ಮಾದೇಶ, ಇದನ್ನ ಊದು. ಕೆಂಪಿಂಕು ಬಿಡು, ಮೇಷ್ಟ್ರು ಬರೆದ ಹಾಗೇ ಆ ಕೊನೆ ಸಾಲು ಊದು."

ಪಟಕ್ಕೆ ಕೈ ಮುಗಿದು ಎತ್ತಿಕೊಂಡ. ಅರ್ಧ ಸ್ವರಗಳು ಹುಟ್ಟಲೇ ಇಲ್ಲ, ಹುಟ್ಟಿದವೂ ಸೊಟ್ಟಗಿದ್ದವು. ಆದರೆ ಇಳಿದು ಇಳಿದು ತಳ ಮುಟ್ಟಿದಾಗ ಅವನ ವಾದ್ಯದಲ್ಲಿ ಎಂದೂ ಬಾರದ ಒಂದು ದಪ್ಪನೆಯ ಗಾಳಿ ಹೊರಬಂತು. ಸ್ವರವಲ್ಲ, ಸ್ವರದ ದಾರಿ. ಎರಡನೆಯ ಸಾಲು ಬರೆದದ್ದೇ ಈ ಉದ್ದನೆಯ ವಾದ್ಯಕ್ಕೆ! ಮೇಷ್ಟ್ರ ತಮ್ಮ ಊದುತ್ತಿದ್ದದ್ದು ಇದನ್ನೇ. ಅವರಿನ್ನೂ ಕಲಿಯುವವರು, ಅವರ ಬೆರಳಿಗೆ ಸಲೀಸಾಗಲೆಂದು ಅಣ್ಣ ಹಾಗೆ ಬರೆದಿದ್ದರು. ಮೇಷ್ಟ್ರು ಒಂದು ಅಕ್ಷರವನ್ನೂ ತಪ್ಪಿರಲಿಲ್ಲ.

"ಮತ್ತೆ ಸೊಟ್ಟಗ್ಯಾಕೆ ಬತ್ತದೆ?" ಎಂದ ಮಾದೇಶ.

ಆಗ ನೋಡಿದೆ. ಬಾಯಿಗಿಡುವ ತುಂಡಿಗೂ ಉದ್ದನೆಯ ಕೊಳವೆಗೂ ನಡುವೆ ಗುಂಡನೆಯ ಮರದ ತುಂಡೊಂದು ಕೂರುತ್ತದೆ. ಬ್ಯಾಂಡಿನವರು ಅದನ್ನು ಬ್ಯಾರಲ್ ಅನ್ನುತ್ತಾರೆ. ಇದರ ಬ್ಯಾರಲ್ ಮೊಂಡಾಗಿತ್ತು. ಒಂದು ಕಡೆ ಗರಗಸದ ಗೀರು ಹಾಗೇ ಇತ್ತು.

ರಾಚಪ್ಪನವರು ಎಲೆಯ ಮುಂದೆ ಕೂತಿದ್ದವರು ಮುದ್ದೆಯಿಂದ ಕೈ ತೆಗೆದರು.

"ನಾನೇ ಕಣವ್ವ ಕುಯ್ದದ್ದು."

ಮಾದೇಶ ವಾದ್ಯವನ್ನು ಎಲೆಯ ಪಕ್ಕಕ್ಕೆ ಇಳಿಸಿದ.

"ಮೇಷ್ಟ್ರೂ ಓದ್ರು, ತಮ್ಮನೂ ಓದ್ರು. ಇದು ನನ್ ಕೈಗೆ ಬಂತು. ಬ್ಯಾಂಡಲ್ಲಿ ಊದುದ್ರೆ ಎಲ್ರಿಗಿಂತ ಕೆಳಿಕ್ಕೆ. ಅಗರದ ಮದ್ವೇಲಿ ಜನ ಎಲ್ಲ ನಕ್ರು. ಮೋಟು ಮಾಡುದ್ರೆ ಮ್ಯಾಕ್ಕೆ ಬತ್ತದೆ ಅಂತ ಗರಗಸ ತಕಂಡೆ. ಒಂದು ಸ್ವರ ಸೇ‌ರುದ್ರೆ ಇನ್ನೊಂದು ಸೇರ್ನಿಲ್ಲ. ವಾದ್ಯವೇ ಕೆಟ್ಟದ್ದು ಅಂತ ಇವ್ರಪ್ಪನ್ಗೆ ಕೊಟ್ಬುಟ್ಟೆ." ಪಟದ ಕಡೆ ನೋಡಿದರು. "ಇವತ್ತಿನ್‌ಗಂಟ ಅಂಗೇ ಅನ್ಕಂಡಿದ್ದೆ. ಆ ಸ್ವರ ಇದ್ರೊಳಗಿತ್ತು ಅಂತ ನಂಗೆ ಒಳೀಲೇ ಇಲ್ಲ. ಐವತ್ತು ವರ್ಸದಿಂದ ಹುಡುಕ್ತಿದ್ದದ್ದ ನಾನೇ ಕುಯ್ದಾಕಿದ್ದೆ."

ಎಪ್ಪತ್ತು ದಾಟಿದ ಮನುಷ್ಯ ಎಲೆಯ ಮುಂದೆ ಕೂತು ಅಳುವುದನ್ನು ನೋಡಲು ನನ್ನಿಂದಾಗಲಿಲ್ಲ. ಬ್ಯಾಗಿನಿಂದ ನನ್ನ ಹಾಳೆಗಳನ್ನು ತೆಗೆದು ಅವರ ಮುಂದೆ ಹಿಡಿದೆ. "ನೋಡಿ, ನಾನೂ ಕಮ್ಮಿ ಇಲ್ಲ," ಎಂದೆ. ಒಂಬತ್ತು ರಚನೆಗೂ ಕೆಂಪು.

ಅವರು ಹಾಳೆ ತಿರುವಿ ಹಾಕುತ್ತ ಹೋದರು. ಕಣ್ಣೊರೆಸಿಕೊಂಡರು. "ನಾನು ಗರಗಸದಲ್ಲಿ ಮಾಡ್ದೆ, ನೀವು ಇಂಕಲ್ಲಿ ಮಾಡುದ್ರಿ. ಇಬ್ರೂ ಸೇರುಸ್ಬೇಕು ಅಂತ್ಲೇ ಮಾಡುದ್ದು."

"ಊಟ ಮಾಡಣ್ಣ, ಅಪ್ಪ ಬೇಜಾರ್ ಮಾಡ್ಕತ್ತಾನೆ," ಎಂದ ಮಾದೇಶ. ಊಟ ಮಾಡಿದೆವು. ಕೈ ತೊಳೆಯುವಾಗಲೇ ರಾಚಪ್ಪನವರು ಹೊಸ ಬ್ಯಾರಲಿನ ಮಾತೆತ್ತಿದರು.

ಗಟ್ಟಿ ಮರ ಬೇಕು. ಅವರು ಮಲಗುತ್ತಿದ್ದ ಮಂಚ ಬೀಟೆಯದು, ಅವರ ತಂದೆಯ ಕಾಲದ್ದು. ಅದರ ಒಂದು ಕಾಲನ್ನು ಬಿಚ್ಚಿ, ಆ ಮೂಲೆಗೆ ಇಟ್ಟಿಗೆ ಪೇರಿಸಿ, ಮಂಚದ ಕಾಲನ್ನು ಬಸ್ಸಿನಲ್ಲಿ ಹೊತ್ತುಕೊಂಡು ಕೊಳ್ಳೇಗಾಲಕ್ಕೆ ಬಂದರು. "ಮರ ಕಳ್ದೋನು ನಾನು, ಮರ ಕೊಡೋನೂ ನಾನೇ." ತೊಟ್ಟಿಲಿನ ಗುಂಡನೆಯ ಗುಬುಟು ಕಡೆಯುವ ಆಚಾರಿಯೊಬ್ಬರು ಮೊದಲು ಆಗುವುದಿಲ್ಲ ಎಂದರು, ಆಮೇಲೆ ರಾಚಪ್ಪನವರು ಅಂಗಡಿ ಮುಂದೆಯೇ ಕೂತುಬಿಟ್ಟದ್ದು ನೋಡಿ ಆಗುತ್ತದೆ ಎಂದರು. ಎಷ್ಟು ಉದ್ದ ಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಉದ್ದಕ್ಕೇ ಇರ್ಲಿ ಆಚಾರ್ರೆ. ತೆಗ್ಯದು ಎಷ್ಟೊತ್ಗಾದ್ರೂ ತೆಗೀಬೋದು. ತೆಗುದ್ಮೇಲೆ ಅಂಟ್ಸಕಾದದಾ?"

ಆ ಮಾತನ್ನು ಆ ವಾರ ಕಡಿಮೆಯೆಂದರೂ ಇಪ್ಪತ್ತು ಸಲ ಹೇಳಿರಬೇಕು. ಕೂದಲೆಳೆಯಷ್ಟು ಉಜ್ಜುವುದು, ಎರಡು ಬೀದಿ ದಾಟಿ ಪಿಯಾನೊ ಹತ್ತಿರ ಓಡಿ ಬರುವುದು, ಊದಿ ನೋಡುವುದು, ಇನ್ನೂ ತಗ್ಗು ಎಂದು ಮತ್ತೆ ಓಡುವುದು. ಮಾದೇಶ ವಾದ್ಯದ ತೂತು ಮುಚ್ಚುವ ಬಿಲ್ಲೆಗಳನ್ನೆಲ್ಲ ಬಿಚ್ಚಿ ಹೊಸ ಚರ್ಮ ಹಾಕಿದ. ಹರಳೆಣ್ಣೆ ಕುಡಿಸಿದ ಬೀಟೆ ಕಪ್ಪಗೆ ಹೊಳೆಯಿತು. ಹನ್ನೊಂದನೆಯ ಓಟದಲ್ಲಿ ಕ್ಲಾರಿನೆಟ್ಟು, ಪಿಯಾನೊ ಎರಡೂ ಒಂದೇ ಆದವು. ಆಚಾರಿಗಳೂ ಉಜ್ಜುವ ಕಾಗದ ಹಿಡಿದುಕೊಂಡು ಹಿಂದೆಯೇ ಬಂದಿದ್ದರು. "ಸಾಕು, ಇನ್ನು ಮುಟ್ಬೇಡಿ," ಎಂದು ಅವರೇ ಹೇಳಿದರು.

ಧನುರ್ಮಾಸದಲ್ಲಿ ಒಂದು ಭಾನುವಾರ ಬೆಳಿಗ್ಗೆ ನುಡಿಸುವುದೆಂದು ಗೊತ್ತುಮಾಡಿದೆವು. ಆಗಲೂ ಮದುವೆ ಇರುವುದಿಲ್ಲವಲ್ಲ. ಎಲ್ಲ ನೆಟ್ಟಗಾಯಿತು ಎನ್ನುವಾಗ, ಕಾರ್ತಿಕದ ಕೊನೆಗೆ, ಮಾದೇಶ ಫೋನ್ ಮಾಡಿದ. ರಾಚಪ್ಪನವರಿಗೆ ಜ್ವರ ನೆತ್ತಿಗೇರಿತ್ತು, ಕೀವು ಮೂಗಿನವರೆಗೆ ಹತ್ತಿತ್ತು, ಮನೆಯವರು ಎತ್ತಿಕೊಂಡು ಬಂದು ಎರಡೂ ಹಲ್ಲು ಕೀಳಿಸಿದ್ದರು.

ನೋಡಲು ಹೋದೆ. ಮೂರು ಕಾಲು ಮತ್ತು ಇಟ್ಟಿಗೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಸಮಾಧಾನದ ಮಾತು ನನಗೆ ಬರುವುದಿಲ್ಲ, ಬಂದರೂ ಅವರಿಗೆ ಬೇಕಿರಲಿಲ್ಲ. ಮೇಷ್ಟ್ರ ನೋಟ್‌ಬುಕ್ಕನ್ನು ಅವರ ಎದೆಯ ಮೇಲಿಟ್ಟು, "ಎರಡನೆಯ ಸಾಲು ಯಾರಿಗೆ ಬರೆದದ್ದು?" ಎಂದು ಕೇಳಿದೆ.

"ಕಲಿಯೋನ್ಗೆ," ಎಂದರು ಗೋಡೆಯ ಕಡೆಗೇ. ಹಲ್ಲಿಲ್ಲದ ಬಾಯಲ್ಲಿ ಮಾತೂ ಹೊಸದಾಗಿತ್ತು.

"ನೀವೀಗ ಕಲಿಯೋರೇ. ಅದು ಸಲೀಸಾದ ಸಾಲು. ಎಲ್ಲ ಕೆಳಗಿನ ಸ್ವರ, ಗಟ್ಟಿಯಾಗಿ ಕಚ್ಚೋದೇ ಬೇಡ. ಮೊದಲನೆಯದನ್ನ ಮಾದೇಶ ನುಡಿಸ್ತಾನೆ."

"ಅಯ್ಯೋ ಕಡವುಳೇ!" ಎಂದ ಪಕ್ಕದಲ್ಲಿದ್ದ ಮಾದೇಶ. "ಆ ಮುಳ್ಳು ಬೇಲಿನಾ? ಮೂರು ವಾರ್ದಲ್ಲಾ?"

ರಾಚಪ್ಪನವರು ಗೋಡೆ ಬಿಟ್ಟು ಅವನ ಕಡೆ ತಿರುಗಿದರು. "ಐದು ತಿಂಗ್ಳು ಪಕ್ಕದಲ್ಲೇ ಕುಂತು ಕೇಳಿಲ್ವೇನ್ಲಾ? ಬರ್ನಿಲ್ಲ ಅಂದ್ರೆ ಕಿವಿ ಯಾಕಿಟ್ಕಂಡಿದ್ದೀಯೆ?"

ಆ ಮೂರು ವಾರವನ್ನು ನೆನೆದರೆ ಈಗಲೂ ಮಣಿಕಟ್ಟು ನೋಯುತ್ತದೆ. ಮಾದೇಶ ಹನೂರಿನಿಂದ ದಿನವೂ ಬಂದ, ಮಂಜಿಗೆ ಬಸ್ಸು ತಡವಾದ ದಿನ ಹಾಲಿನ ವ್ಯಾನಿನಲ್ಲಿ ಬಂದ. ಅವನ ಬಾಯಿಯಿಂದ ತಮಾಷೆ ಬರುವುದು ನಿಂತುಹೋಯಿತು. ಬೆರಳ ಗಂಟಿಗೆ ಬಟ್ಟೆ ಸುತ್ತಿಕೊಂಡು ಒಂದೇ ಸಾಲನ್ನು ನೂರು ಸಲ ತೇಯ್ದ. ಇನ್ನೊಂದು ಕಡೆ ರಾಚಪ್ಪನವರು ಒಸಡು ಮಾಯುವ ಮೊದಲೇ ಶುರುಮಾಡಿದ್ದರು. ಡಾಕ್ಟರು ಬೈದರು, ನಾನೂ ಬೈದೆ, ಅವರು ಯಾರ ಮಾತೂ ಕೇಳಲಿಲ್ಲ. ಮೇಲಿನ ತುಟಿಯನ್ನು ಒಸಡಿನ ಮೇಲೆ ಮಡಿಸಿ, ಆ ಮೆತ್ತೆಯ ಮೇಲೆ ಉದ್ದನೆಯ ವಾದ್ಯ ಕೂರಿಸಿ ಊದುವುದನ್ನು ತಾವೇ ಕಂಡುಕೊಂಡರು. ತುಟಿ ಒಡೆದು ರಕ್ತ ಬಂದರೆ ಲವಂಗದೆಣ್ಣೆ. ಕೊನೆಯ ಸ್ವರ ಮಾತ್ರ ನಂಬಿಕೆಗೆ ಅರ್ಹವಾಗಿರಲಿಲ್ಲ. ಐದು ಸಲ ಊದಿದರೆ ಮೂರು ಸಲ ಬರುತ್ತಿತ್ತು, ಎರಡು ಸಲ ಬರೀ ಗಾಳಿ.

ಆ ಭಾನುವಾರ ಚಳಿ ಮೂಳೆಗೆ ತಾಗುತ್ತಿತ್ತು. ಒಳಕೋಣೆಯಲ್ಲಿ ಮೂವತ್ತು ಜನ ಹಿಡಿಸಿದ್ದೇ ಹೆಚ್ಚು: ಬ್ಯಾಂಡಿನವರು, ಮಗ್ಗದವರು, ಪೇಪರ್ ಓದಲು ಬಂದು ಎದ್ದು ಹೋಗಲಾರದವರು, ಆಚಾರಿಗಳು, ಹಲ್ಲಿನ ಡಾಕ್ಟರು. ಜಾಗ ಸಾಲದೆ ಇಬ್ಬರು ಹೆಂಗಸರು ಹೊಸ್ತಿಲ ಮೇಲೆ ಕೂತಿದ್ದರು. ರಾಚಪ್ಪನವರು ಒಗೆದು ಇಸ್ತ್ರಿ ಮಾಡಿದ ಅದೇ ಕೆಂಪು ಕೋಟಿನಲ್ಲಿದ್ದರು.

ಒಂಬತ್ತನ್ನೂ ನುಡಿಸಿದೆವು. ತಪ್ಪುಗಳು ಬಂದವು. ‘ಎರಡು ಗಾಡಿ’ಯಲ್ಲಿ ನಾನೇ ಒಂದು ಸುತ್ತು ಮುಂದೆ ಓಡಿಬಿಟ್ಟೆ, ಮಾದೇಶ ನನ್ನನ್ನು ಹಿಡಿಯಲು ದಾಪುಗಾಲು ಹಾಕಿದ. ಕೊನೆಗೆ ‘ಕೆರೆ ಏರಿ ಇಳಿದು’. ಮಾದೇಶನ ಮುಳ್ಳುಬೇಲಿಯ ಸಾಲು ಒಂದು ಮುಳ್ಳೂ ತಾಗದ ಹಾಗೆ ಸಾಗಿತು. ನನ್ನ ಕೈ ನಿಂತಿತು. ಅವನದೂ ನಿಂತಿತು. ರಾಚಪ್ಪನವರು ಒಬ್ಬರೇ ಇಳಿಯತೊಡಗಿದರು. ಒಂದೊಂದೇ ಸ್ವರ, ಆತುರವಿಲ್ಲ. ತಳಕ್ಕಿಂತ ಒಂದು ಮೆಟ್ಟಿಲು ಮೇಲೆ ಉಸಿರೆಳೆದುಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಬರೀ ಗಾಳಿ ಬಂದರೆ ಅವರ ಮುಖ ನೋಡಬಾರದು ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು.

ಸ್ವರ ಬಂತು. ದಪ್ಪಗೆ, ಮೆಲ್ಲಗೆ, ಕಾಲಡಿಯ ನೆಲದಿಂದ ಬಂದ ಹಾಗೆ. ಪಿಯಾನೊ ಒಳಗಿನ ತಂತಿಗಳೂ ತಾವಾಗಿಯೇ ಸಣ್ಣಗೆ ಗುಂಯ್‌ಗುಟ್ಟಿದವು. ನಾನು ತಲೆ ಆಡಿಸುವುದನ್ನು ಮರೆತೆ. ಉಸಿರು ಇರುವಷ್ಟು ಹೊತ್ತೂ ಅವರು ಅದನ್ನು ಹಿಡಿದರು, ಆಮೇಲೆ ತಾವಾಗಿಯೇ ನಿಲ್ಲಿಸಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನ್ನೂ ಇದೆಯೇನೋ ಎಂದುಕೊಂಡಿದ್ದರು. ರಾಚಪ್ಪನವರು ನಮ್ಮ ಕಡೆ ನೋಡಲಿಲ್ಲ. ಬಾಗಿಲ ಕಡೆ ತಿರುಗಿ, ಹೊಸ್ತಿಲ ಮೇಲಿದ್ದ ಹೆಂಗಸರನ್ನು ಕೇಳಿದರು:

"ಅವ್ವ, ಒಸ್ಲು ಅದುರ್ತಾ?"

ಒಬ್ಬಾಕೆ ಹೊಸ್ತಿಲ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು. "ಊ ಕಣಪ್ಪ, ಅದುರ್ತು," ಎಂದಳು.

ಜನ ಕಾಫಿ ಕುಡಿಯಲು ಹೊರಗೆ ಹೋದ ಮೇಲೆ ಅವರು ವಾದ್ಯವನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ಕೋಟಿನ ಜೇಬಿನಿಂದ ಹಳೆಯ ಮೊಂಡು ಬ್ಯಾರಲನ್ನು ತೆಗೆದು ಅದರ ಪಕ್ಕದಲ್ಲಿಟ್ಟರು.

"ಅದ್ಯಾಕಣ್ಣ ಇನ್ನೂವೆ? ಬಿಸಾಕು," ಎಂದ ಮಾದೇಶ.

"ಇರ್ಲಿ ಕಣ್ಲಾ. ಮುಂದೆ ಇದ್ನ ತಕಳೋನು ಯಾವೋನೋ. ಗರಗಸ ತಕಳಕೂ ಮುಂಚೆ ಇದ್ನೊಂದು ಸಲ ನೋಡ್ಲಿ."

ನಾನು ಬ್ಯಾಗಿನಿಂದ ನನ್ನ ಕೆಂಪು ಇಂಕಿನ ಹಾಳೆಗಳನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಬ್ಯಾರಲ್ ಪಕ್ಕದಲ್ಲಿಟ್ಟೆ. ರಾಚಪ್ಪನವರು ಹಲ್ಲಿಲ್ಲದ ಬಾಯಿ ತುಂಬ ನಕ್ಕು ಮುಚ್ಚಳ ಹಾಕಿದರು.